ಅಳಿಸುವ ಆಜ್ಞೆಗೊಂದು ವಿವರಣೆ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಲಾವಿಭಾಗದ ವಿದ್ಯಾರ್ಥಿಗೂ ಗಣಕಯಂತ್ರದ ತಂತ್ರಾಂಶಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಕಳೆದ ಬೇಸಗೆಯ ರಜೆಯವರೆಗೆ ನಾನೂ ಹಾಗೆಯೇ ಎಣಿಸಿದ್ದೆನು. ಆ ರಜೆಯಲ್ಲಿ ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ನನಗೆ ಬರೆವಣಿಗೆಯ ಕೆಲಸ ದೊರೆಯಿತು. ಕಟ್ಟಡದ ಗುತ್ತಿಗೆಗಳ ಲೆಕ್ಕವಿಡುವ ತಂತ್ರಾಂಶವನ್ನು ಅವರು ಸಿದ್ಧಪಡಿಸುತ್ತಿದ್ದರು. ಅದರ ಒಂದೊಂದು ಆಜ್ಞೆಗೂ ಕನ್ನಡದಲ್ಲಿ ವಿವರಣೆ ಬರೆದುಕೊಡುವುದು ನನ್ನ ಪಾಲಿಗೆ ಬಂದಿತು. ನಮ್ಮ ತಂದೆಯವರು ಗಾರೆ ಕೆಲಸದವರು. ತುಂಡು ಗುತ್ತಿಗೆ, ಬಿಲ್ಲು, ತಡೆಹಿಡಿದ ಠೇವಣಿ ಮುಂತಾದ ಮಾತುಗಳು ನನಗೆ ಮನೆಯಲ್ಲಿಯೇ ಪರಿಚಿತವಾಗಿದ್ದವು.

ಒಂದು ತಂತ್ರಾಂಶವು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಲು ಇರುವ ಗೊತ್ತಾದ ಬಾಗಿಲಿಗೆ ಎ.ಪಿ.ಐ. ಎಂದು ಹೆಸರು. ಬ್ಯಾಂಕಿನ ಕಿಟಕಿಯಂತೆಂದು ತಿಳಿಯಬಹುದು: ನಿಗದಿಯಾದ ಚೀಟಿಯನ್ನು ತುಂಬಿ ಕೊಟ್ಟರೆ ಒಳಗಿನವರು ಕೆಲಸ ಮಾಡಿಕೊಡುತ್ತಾರೆ; ತಿಜೋರಿಯ ಬಳಿಗೆ ನಾವು ಹೋಗಬೇಕಾದುದಿಲ್ಲ. ಓದಲು ‘ಗೆಟ್’, ಸೇರಿಸಲು ‘ಪೋಸ್ಟ್’, ತೆಗೆಯಲು ‘ಡಿಲೀಟ್’. ಈಗ ಚೀಟಿ ತುಂಬುವವರು ಮನುಷ್ಯರೇ ಆಗಬೇಕೆಂದಿಲ್ಲ. ನಮ್ಮ ಮಾತನ್ನು ಓದಿ ಉತ್ತರಿಸುವ ಭಾಷಾ ಮಾದರಿಗಳು, ಆಜ್ಞೆಯ ಜೊತೆಗಿರುವ ವಿವರಣೆಯನ್ನು ಓದಿಕೊಂಡು, ಯಾವುದನ್ನು ಬಳಸಬೇಕೆಂದು ತಾವೇ ಗೊತ್ತುಮಾಡುತ್ತವೆ. ಆದುದರಿಂದ ವಿವರಣೆಯು ಬರಿಯ ಅಲಂಕಾರವಲ್ಲ.

ಇದನ್ನರಿಯದೆ ನಾನು ಅಳಿಸುವ ಆಜ್ಞೆಗೆ ‘ಗುತ್ತಿಗೆಯನ್ನು ಅಳಿಸುತ್ತದೆ’ ಎಂದು ಎರಡೇ ಪದ ಬರೆದೆನು. ಪರೀಕ್ಷೆಗೆಂದು ಮಾಡಿಕೊಂಡಿದ್ದ ನಕಲಿನಲ್ಲಿ ಪ್ಲಾಸ್ಟರಿಂಗ್ ಗುತ್ತಿಗೆಯೊಂದು ಎರಡು ಸಲ ದಾಖಲಾಗಿತ್ತು. “ಒಂದನ್ನು ತೆಗೆದುಹಾಕು” ಎಂದು ಯಂತ್ರಕ್ಕೆ ಹೇಳಿದೆವು. ಬರಿದಾಗಿದ್ದುದನ್ನು ಬಿಟ್ಟು, ಬಿಲ್ಲುಗಳಿದ್ದುದನ್ನೇ ಅದು ತೆಗೆಯಿತು. ಬಿಲ್ಲುಗಳೂ ಜೊತೆಗೆ ಹೋದವು. ಬಂದ ಉತ್ತರ 204. ಅಂದರೆ, ಕೆಲಸವಾಯಿತು, ಹೇಳುವುದಕ್ಕೇನೂ ಇಲ್ಲ! ನಕಲಾದುದರಿಂದ ಯಾರಿಗೂ ನಷ್ಟವಾಗಲಿಲ್ಲವೆನ್ನಿ.

ಡಿಲೀಟ್ ಎಂಬ ಹೆಸರೇ ಎಲ್ಲವನ್ನೂ ಹೇಳುತ್ತದೆಂದು ನಾನು ನಂಬಿದ್ದೆನು. ಆದರೆ ಎಚ್.ಟಿ.ಟಿ.ಪಿ.ಯ ನಿಯಮಗಳನ್ನು ಹೇಳುವ 2022ರ ಆರ್.ಎಫ್.ಸಿ. 9110ರ ಪ್ರಕಾರ, ಆ ವಿಳಾಸಕ್ಕಿರುವ ಸಂಬಂಧವನ್ನು ಕಡಿಯುವುದಷ್ಟೇ ಡಿಲೀಟಿನ ಅರ್ಥ. ಒಳಗಿನ ಮಾಹಿತಿ ನಾಶವಾಯಿತೋ ಉಳಿಯಿತೋ ಅದರಿಂದ ತಿಳಿಯದು. ಅದನ್ನು ಹೇಳಬೇಕಾದವನು ವಿವರಣೆ ಬರೆಯುವವನು. ಯಂತ್ರಗಳಿಗೆ ಉಪಕರಣಗಳನ್ನು ಒದಗಿಸುವ ಎಂ.ಸಿ.ಪಿ. ಎಂಬ ಪದ್ಧತಿಯನ್ನು ಆಂತ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು. 2025ರ ಮಾರ್ಚಿನ ಆವೃತ್ತಿಯಲ್ಲಿ ‘ಇದು ವಿನಾಶಕಾರಿ’ ಎಂಬ ಗುರುತಿಗೂ ಎಡೆಯಾಯಿತು. ಆದರೂ ಅದು ಸೂಚನೆ ಮಾತ್ರ, ಬೀಗವಲ್ಲ.

ಲೋಕೋಪಯೋಗಿ ಇಲಾಖೆಯ ಅಳತೆ ಪುಸ್ತಕವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅದರಲ್ಲಿ ಬರೆದುದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾದರೆ ಗೆರೆಯೆಳೆದು, ಸರಿಯಾದುದನ್ನು ಬರೆದು, ಸಹಿ ತಾರೀಖು ಹಾಕಬೇಕು. ಕಾರಣ ಸ್ಪಷ್ಟ: ಕೂಲಿಯ ಲೆಕ್ಕವೆಲ್ಲ ಆ ಅಳತೆಯ ಮೇಲೆ ನಿಂತಿದೆ. 1963ರ ಕಾಲಮಿತಿ ಕಾಯಿದೆಯು ಮಾಡಿದ ಕೆಲಸದ ಬೆಲೆಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಕೊಡುತ್ತದೆ. ದಾಖಲೆಯೇ ಇಲ್ಲದವನು ನ್ಯಾಯಾಲಯದಲ್ಲಿ ಏನನ್ನು ತೋರಿಸಿಯಾನು?

ಮತ್ತೆ ಕುಳಿತು ಹೀಗೆ ಬರೆದೆನು: “ಈ ಆಜ್ಞೆಯು ಗುತ್ತಿಗೆಯ ದಾಖಲೆಯನ್ನೂ ಅದಕ್ಕೆ ಸೇರಿದ ಬಿಲ್ಲು, ಬದಲಾವಣೆ ಆದೇಶ, ಲಗತ್ತುಗಳನ್ನೂ ಅಳಿಸುತ್ತದೆ. ಹಿಂದಕ್ಕೆ ಪಡೆಯಲಾಗದು. ಕರಡಿನ ಸ್ಥಿತಿಯಲ್ಲಿರುವ, ಒಂದು ಬಿಲ್ಲೂ ಇಲ್ಲದ ಗುತ್ತಿಗೆಗೆ ಮಾತ್ರ ಬಳಸಬೇಕು. ಸಹಿಯಾದ ಗುತ್ತಿಗೆಯು ನಿಂತುಹೋಗಿದ್ದರೆ, ಸ್ಥಿತಿಯನ್ನು ‘ರದ್ದು’ ಎಂದು ಬದಲಿಸುವ ಆಜ್ಞೆಯನ್ನು ಬಳಸಿರಿ. ಅಳಿಸುವ ಮುನ್ನ ಗುತ್ತಿಗೆಯ ಸಂಖ್ಯೆ, ಗುತ್ತಿಗೆದಾರನ ಹೆಸರು, ಪಾವತಿಯಾದ ಮೊತ್ತಗಳನ್ನು ತೋರಿಸಿ ಬಳಕೆದಾರನ ಒಪ್ಪಿಗೆ ಪಡೆಯಬೇಕು.”

ಭಾನುವಾರ ಊರಿಗೆ ಹೋದಾಗ ಇದನ್ನು ತಂದೆಯವರಿಗೆ ಓದಿ ಹೇಳಿದೆನು. ಹೆಮ್ಮೆಯಿಂದಲೇ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರಡು ಅಂದರೆ ಸಹಿ ಆಗದೆ ಇರೋದು ತಾನೆ?” ಎಂದರು. ಹೌದೆಂದೆನು.

“ನಮ್ಮ ಕಡೆ ಯಾರಪ್ಪಾ ಸಹಿ ಆಗೋವರೆಗೆ ಕಾಯ್ತಾರೆ? ಮಾತು ಆದ ಮಾರನೇ ದಿನ ಕರಣೆ ಹಿಡಿದು ನಿಂತ್ಕೋತೀವಿ. ಸಹಿ, ಬಿಲ್ಲು ಎಲ್ಲಾ ತಿಂಗಳಾದ ಮೇಲೆ. ಅಷ್ಟರೊಳಗೆ ನಿಮ್ಮ ಯಂತ್ರ ಅದನ್ನ ಅಳಿಸಿಬಿಟ್ಟರೆ, ನಾ ಕಟ್ಟಿದ ಗೋಡೆ ಯಾರ ಲೆಕ್ಕಕ್ಕೆ?”

ಪುಸ್ತಕಗಳಲ್ಲಿ ನನಗೆ ದೊರೆಯದ ವಿಷಯವಿದು. ಕರಡು ಎಂದರೆ ಕಾಗದದ ಮೇಲೆ ಏನೂ ಆಗಿಲ್ಲವೆಂದೇ ಹೊರತು, ನೆಲದ ಮೇಲೆ ಏನೂ ಆಗಿಲ್ಲವೆಂದಲ್ಲ. ಮಾರನೆಯ ದಿನ ಕಚೇರಿಗೆ ಹೋಗಿ, “ಅಳತೆಯಾಗಲೀ ಕೂಲಿಯಾಳುಗಳ ಹಾಜರಿಯಾಗಲೀ ದಾಖಲಾಗಿದ್ದರೆ ಕರಡನ್ನೂ ಅಳಿಸಬಾರದು, ಕೆಲಸ ಆರಂಭವಾಗಿದೆಯೇ ಎಂದು ಮೇಸ್ತ್ರಿಯನ್ನು ಕೇಳಬೇಕು” ಎಂಬ ಸಾಲನ್ನು ಸೇರಿಸಿದೆನು. ವಿವರಣೆಯು ಉದ್ದವಾಯಿತೆಂದು ಹಿರಿಯರೊಬ್ಬರು ಗೊಣಗಿದರು. ಆದರೂ ಸಾಲನ್ನು ತೆಗೆಯಲಿಲ್ಲ.