ವ್ಯಾಯಾಮ ಶಿಕ್ಷಕನ ಅಳತೆಗೋಲು

ಪ್ರಾಚೀನ ಗ್ರೀಸಿನ ಮೈಲೊ ಎಂಬ ಜಟ್ಟಿಯ ಕಥೆಯನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಅವನು ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾದಾಗ ಹೋರಿಯನ್ನೇ ಹೊರಬಲ್ಲವನಾಗಿದ್ದನಂತೆ! ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಅದರಲ್ಲಡಗಿರುವ ತತ್ತ್ವ ಸರಿಯಾದುದು. ಭಾರವು ಸ್ವಲ್ಪಸ್ವಲ್ಪವಾಗಿ ಹೆಚ್ಚುತ್ತ ಹೋದರೆ ಸ್ನಾಯುವಿನ ಶಕ್ತಿಯೂ ಹೆಚ್ಚುವುದು. ಆದರೆ ಕರುವು ಹೊರುವವನ ಅನುಮತಿ ಪಡೆದು ಬೆಳೆಯುವುದಿಲ್ಲ. ಅದರ ತೂಕ ಮುಂದೆ ಓಡಿ, ಸ್ನಾಯು ಹಿಂದೆ ಉಳಿದರೆ ಗತಿಯೇನು? ಯಾರಿಗೆ, ಎಂದು, ಎಷ್ಟು ಭಾರ? ಇದಕ್ಕೆ ಉತ್ತರ ಹೇಳಬಲ್ಲವನೇ ನಿಜವಾದ ವ್ಯಾಯಾಮ ಶಿಕ್ಷಕ.

ಈ ಉತ್ತರವನ್ನು ಅಳತೆಗೆ ಒಳಪಡಿಸಿದವರಲ್ಲಿ ಪ್ರಮುಖನು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ವೈದ್ಯ. ಹದಿಹರೆಯದಲ್ಲಿ ಆತನಿಗೆ ಸಂಧಿವಾತ ಜ್ವರ ಬಂದಿತು. ಹೃದಯಕ್ಕೆ ಅಪಾಯ ತರಬಲ್ಲ ರೋಗವದು. ಬಹುಕಾಲ ಹಾಸಿಗೆ ಹಿಡಿದಿದ್ದ ಹುಡುಗನು ಚೇತರಿಸಿಕೊಂಡ ಮೇಲೆ ಭಾರ ಎತ್ತುವ ಸಾಧನೆಯಲ್ಲಿ ತೊಡಗಿ ದೇಹಬಲವನ್ನು ಗಳಿಸಿದನು. ಹೀಗೆ ಆತನು ಮೊದಲು ಶಿಷ್ಯ, ಆಮೇಲೆ ವೈದ್ಯ, ಕೊನೆಗೆ ಶಿಕ್ಷಕ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಆತನು ಷಿಕಾಗೊ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿದ್ದನು. ಅಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದ ಸೈನಿಕರು ಅನೇಕರಿದ್ದರು. ಬಳಕೆಯಿಲ್ಲದ ಸ್ನಾಯು ಸೊರಗುವುದು ದೇಹಧರ್ಮ. ಸೊರಗಿದ ತೊಡೆಗೆ ಹಗುರವಾದ ಭಾರವನ್ನು ಕೊಟ್ಟು ನೂರಾರು ಸಲ ಎತ್ತಿಸುವುದು ಆಗಿನ ರೂಢಿ. ಅದರಿಂದ ದಣಿಯದೆ ದುಡಿಯುವ ಗುಣ ಬರುವುದೇ ಹೊರತು ಬಲ ಹೆಚ್ಚುವುದು ಕಡಿಮೆ ಎಂದು ಡಿಲಾರ್ಮ್ ವಾದಿಸಿದನು. ಆತನು ರೋಗಿಯ ಪಾದಕ್ಕೆ ಕಬ್ಬಿಣದ ಪಾದುಕೆ ಕಟ್ಟಿಸಿ, ಅದಕ್ಕೆ ತೂಕದ ಬಿಲ್ಲೆಗಳನ್ನು ಸೇರಿಸಿ, ಕಾಲು ಚಾಚಿಸುತ್ತಿದ್ದನು. ಫಲಿತಾಂಶಗಳನ್ನು 1945ರಲ್ಲಿ ಪ್ರಕಟಿಸಿದನು.

ಇಲ್ಲಿ ಭೌತಶಾಸ್ತ್ರ ನಮ್ಮ ನೆರವಿಗೆ ಬರುವುದು. ಪಾದುಕೆಯೂ ಬಿಲ್ಲೆಗಳೂ ಸೇರಿ 10 ಕಿಲೋಗ್ರಾಂ ಎಂದೂ, ಅದು ಮೊಣಕಾಲಿನಿಂದ 40 ಸೆಂಟಿಮೀಟರ್ ದೂರದಲ್ಲಿದೆ ಎಂದೂ ಇಟ್ಟುಕೊಳ್ಳೋಣ. ಕಾಲಿನ ತೂಕವನ್ನು ಸದ್ಯಕ್ಕೆ ಬಿಡೋಣ. ಕಾಲು ನೆಲಕ್ಕೆ ಸಮಾನಾಂತರವಾಗಿ ಚಾಚಿದಾಗ ಭಾರದ ತಿರುಗಿಸುವ ಪರಿಣಾಮ 10 × 40, ಅಂದರೆ 400. ತೊಡೆಯ ಸ್ನಾಯುವಿನ ಎಳೆತ ಕೀಲಿನ ನಡುವಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ ಮಾತ್ರ ನಡೆಯುವುದರಿಂದ, ಸ್ನಾಯು 400 ÷ 4 = 100 ಕಿಲೋಗ್ರಾಂ ಭಾರದಷ್ಟು ಬಲವನ್ನು ಪ್ರಯೋಗಿಸಬೇಕು. ಕಾಲು ನೇರವಾಗಿ ಇಳಿಬಿದ್ದಾಗಲಾದರೋ ತಿರುಗಿಸುವ ಪರಿಣಾಮ ಸೊನ್ನೆ. ಲಂಬರೇಖೆಯಿಂದ 30 ಡಿಗ್ರಿ ಎತ್ತಿದಾಗ ಗರಿಷ್ಠದ ಅರ್ಧ. ಬಿಲ್ಲೆಯ ಮೇಲೆ ಬರೆದಿರುವ ಸಂಖ್ಯೆ ಸ್ನಾಯುವಿನ ಹೊರೆಯನ್ನು ಪೂರ್ತಿಯಾಗಿ ಹೇಳುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ಶಿಕ್ಷಕನಾಗಬಯಸುವವನು ತೂಕದೊಡನೆ ದೂರವನ್ನೂ ಕೋನವನ್ನೂ ನೋಡಲು ಕಲಿಯಬೇಕು.

ಡಿಲಾರ್ಮ್ ಕಂಡುಕೊಂಡ ಅಳತೆಗೋಲು ಬಹು ಸರಳ. ಒಬ್ಬನು ಸರಿಯಾದ ಭಂಗಿಯಲ್ಲಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರವೇ ಅವನ ಮಾನ. ಮೊದಲು ಆತನು ಹತ್ತರ ಏಳರಿಂದ ಹತ್ತು ಸರದಿಗಳನ್ನು ಮಾಡಿಸುತ್ತಿದ್ದನು. ಅಷ್ಟು ಬೇಡವೆಂದು ಅನುಭವ ತೋರಿಸಲು, 1948ರಲ್ಲಿ ಆರ್ಥರ್ ವಾಟ್ಕಿನ್ಸ್‌ನೊಡಗೂಡಿ ಮೂರೇ ಸರದಿಗಳನ್ನು ಸೂಚಿಸಿದನು. ಒಬ್ಬನ ಮಾನ 12 ಕಿಲೋಗ್ರಾಂ ಆದರೆ, ಮೊದಲನೆಯ ಸರದಿಗೆ ಅದರ ಅರ್ಧ, ಅಂದರೆ 6. ಎರಡನೆಯದಕ್ಕೆ ಮುಕ್ಕಾಲು, ಅಂದರೆ 9. ಮೂರನೆಯದಕ್ಕೆ ಪೂರ್ತಿ 12. ವಾರಕ್ಕೊಮ್ಮೆ ಮಾನವನ್ನು ಹೊಸದಾಗಿ ಅಳೆಯಬೇಕು. ಇಲ್ಲಿ ಕರು ಬೆಳೆಯುವುದು ಹೊರುವವನ ಶಕ್ತಿಯನ್ನು ನೋಡಿಕೊಂಡು!

ಮೊದಲ ಕೆಲವು ವಾರಗಳಲ್ಲಿ ಬಲ ಬೇಗನೆ ಹೆಚ್ಚುವುದಕ್ಕೆ ಮುಖ್ಯ ಕಾರಣ ನರಗಳು. ಅವು ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಕಲಿಯುತ್ತವೆ. ತಂತುಗಳು ದಪ್ಪವಾಗಲು ಹೆಚ್ಚು ಕಾಲ ಬೇಕು. ಕನ್ನಡಿಯಲ್ಲಿ ಬದಲಾವಣೆ ಕಾಣದೆಂದು ಅವಸರದಿಂದ ಭಾರ ಹೆಚ್ಚಿಸುವ ತರುಣರು ಇದನ್ನು ಮರೆಯಬಾರದು. ಕೀಲಿನಲ್ಲಿ ತೀಕ್ಷ್ಣವಾದ ನೋವು ಕಂಡೊಡನೆ ನಿಲ್ಲಿಸಬೇಕು. ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಆರಂಭಿಸಲೇಬಾರದು.

ಗರಡಿಯಾಗಲಿ, ಜಿಮ್ ಆಗಲಿ, ಹುರಿಗಟ್ಟಿದ ತೋಳಷ್ಟರಿಂದಲೇ ಯಾರೂ ಶಿಕ್ಷಕರಾಗುವುದಿಲ್ಲ. ತನ್ನ ಬಲದಿಂದ ಶಿಷ್ಯನನ್ನು ಅಳೆಯುವವನು ಅವನ ಕೀಲುಗಳನ್ನು ಪಣಕ್ಕೊಡ್ಡುತ್ತಾನೆ. ಶಿಷ್ಯನನ್ನು ಅವನದೇ ನಿನ್ನೆಯ ಬಲದೊಡನೆ ಹೋಲಿಸಿ ನೋಡುವವನಲ್ಲಿಗೆ ನಾವು ನಿರ್ಭಯವಾಗಿ ಹೋಗಬಹುದು.

ಓದುಗರು ಇದೇ ಲೆಕ್ಕವನ್ನು ಮೊಣಕೈಗೂ ಹೂಡಿ ನೋಡಲಿ. ಮುಂಗೈ ನೆಲಕ್ಕೆ ಸಮಾನಾಂತರವಾಗಿದೆ. ಅಂಗೈಯ ಮೇಲೆ, ಮೊಣಕೈಯಿಂದ 35 ಸೆಂಟಿಮೀಟರ್ ದೂರದಲ್ಲಿ, 5 ಕಿಲೋಗ್ರಾಂ ಭಾರವಿದೆ. ತೋಳಿನ ಸ್ನಾಯು ಕೀಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ನೇರ ಮೇಲಕ್ಕೆ ಎಳೆಯುತ್ತದೆ. ಉತ್ತರ 35 ಕಿಲೋಗ್ರಾಂ ಭಾರ ಬಂದರೆ ಪಾಠ ಮನಸ್ಸಿಗೆ ಹತ್ತಿದೆಯೆಂದು ತಿಳಿಯಬಹುದು.