ಮನೆ ಹೊತ್ತ ಬಂಡಿಯ ಕುಲುಕಾಟ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಜೆ ಬಂತೆಂದರೆ ಹೆದ್ದಾರಿ ಹಿಡಿದು ದೂರದೂರಕ್ಕೆ ಹೊರಡುವ ಕುಟುಂಬಗಳು ಅನೇಕ. ಅವರಲ್ಲಿ ಕೆಲವರು ಪಿಕಪ್ ಎಂಬ, ಹಿಂಭಾಗ ತೆರೆದಿರುವ ಸರಕು ಬಂಡಿಯ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಪುಟ್ಟ ಮನೆಯೊಂದನ್ನೇ ಇರಿಸಿಕೊಂಡು ಸಾಗುತ್ತಾರೆ. ಇದಕ್ಕೆ ಕ್ಯಾಂಪರ್ ಎಂದು ಹೆಸರು. ಅದರ ತೂಕ ಎಷ್ಟೋ ವೇಳೆ ಒಂದು ಟನ್ನನ್ನು ಮೀರುವುದುಂಟು. ಬರಿದಾಗಿದ್ದಾಗ ನೆಟ್ಟಗೆ ಓಡುತ್ತಿದ್ದ ಬಂಡಿ, ಈ ಹೊರೆ ಏರಿದೊಡನೆ ಕುಲುಕತೊಡಗುತ್ತದೆ. ತಿರುವುಗಳಲ್ಲಿ ಪಕ್ಕಕ್ಕೆ ವಾಲುತ್ತದೆ. ಇದು ಕೇವಲ ಮೈನೋವಿನ ಮಾತಲ್ಲ. ಚಕ್ರವು ರಸ್ತೆಯನ್ನು ಒತ್ತಿ ಹಿಡಿಯದ ಕ್ಷಣದಲ್ಲಿ ಬ್ರೇಕೂ ಹಿಡಿಯದು, ಬಂಡಿಯು ಸ್ಟಿಯರಿಂಗಿನ ಮಾತನ್ನೂ ಕೇಳದು.

ಸ್ಪ್ರಿಂಗಿನ ಮೇಲೆ ಕುಳಿತ ಭಾರಕ್ಕೆ ತನ್ನದೇ ಆದ ಲಯವೊಂದುಂಟು. ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರು ತಗ್ಗುವುದೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಭಾರವು ಸೆಕೆಂಡಿಗೆ ಎಷ್ಟು ಸಲ ಏಳುಬೀಳುವುದೆಂಬುದು ಸುಮಾರಾಗಿ ದೊರೆಯುತ್ತದೆ. 9 ಸೆಂಟಿಮೀಟರು ತಗ್ಗಿದರೆ, 5ನ್ನು 3ರಿಂದ ಭಾಗಿಸಿ, 1.67 ಸಲ. ಇನ್ನು ರಸ್ತೆಯನ್ನು ನೋಡೋಣ. ಅಲ್ಲಿನ ಹಳೆಯ ಕಾಂಕ್ರೀಟು ಹೆದ್ದಾರಿಗಳನ್ನು ದೊಡ್ಡ ದೊಡ್ಡ ಹಾಸುಗಳಾಗಿ ಎರಕಹೊಯ್ದು, ನಡುವೆ ಸಂದು ಬಿಟ್ಟಿರುತ್ತಾರೆ. ಹಾಸೊಂದು 15 ಮೀಟರು ಉದ್ದವೆಂದೂ ಬಂಡಿಯ ವೇಗ ಗಂಟೆಗೆ 90 ಕಿಲೋಮೀಟರೆಂದೂ ಇಟ್ಟುಕೊಂಡರೆ, ಸೆಕೆಂಡಿಗೆ 25 ಮೀಟರು ಓಡುವ ಬಂಡಿಗೆ ಸಂದಿನ ಪೆಟ್ಟು ಬೀಳುವುದೂ 1.67 ಸಲವೇ! ಉಯ್ಯಾಲೆಯನ್ನು ಅದು ಹಿಂದಿರುಗಿದಾಗಲೆಲ್ಲ ಸರಿಯಾಗಿ ತಳ್ಳಿದರೆ ಜೀಕು ಹೆಚ್ಚುತ್ತ ಹೋಗುವುದನ್ನು ಮಕ್ಕಳೆಲ್ಲರೂ ಬಲ್ಲರು. ಇಲ್ಲಿಯೂ ಅದೇ ನಡೆಯುತ್ತದೆ. ಗಂಟೆಗೆ 75 ಕಿಲೋಮೀಟರಿಗೆ ಇಳಿದರೆ ಪೆಟ್ಟುಗಳು ಸುಮಾರು 1.39 ಆಗಿ, ಮೇಳ ತಪ್ಪಿ, ಕುಲುಕು ತಗ್ಗುತ್ತದೆ. ಕಾಸು ಖರ್ಚಿಲ್ಲದ ಮದ್ದು ಇದೊಂದೇ.

ಕುಲುಕು ಕಂಡೊಡನೆ ಸ್ಪ್ರಿಂಗಿಗೆ ಇನ್ನೆರಡು ಪಟ್ಟಿ ಸೇರಿಸುವವರು ಬಹಳ. ಇದು ಅವಸರದ ಕೆಲಸವೆಂದೇ ಹೇಳಬೇಕು. ಸ್ಪ್ರಿಂಗು ತಾನು ಪಡೆದ ಪೆಟ್ಟನ್ನು ಬಹುಮಟ್ಟಿಗೆ ಹಿಂದಿರುಗಿಸುವುದೇ ಹೊರತು ನುಂಗುವುದಿಲ್ಲ. ಗಡುಸು ಮಾಡಿದರೆ ಲಯ ಬದಲಾದೀತು, ಕುಣಿತ ನಿಲ್ಲದು. ನುಂಗುವ ಕೆಲಸ ಶಾಕ್ ಅಬ್ಸಾರ್ಬರಿನದು. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಗ್ಗಬೇಕಾದ್ದರಿಂದ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಹಗುರ ಹೊರೆಗೆ ಹೊಂದುವಂತಹ ಅಬ್ಸಾರ್ಬರು ಟನ್ನು ತೂಕದ ಮನೆಗೆ ಸಾಲದು. ಸ್ಪ್ರಿಂಗನ್ನು ಮಾತ್ರ ಗಡುಸು ಮಾಡಿದರೆ ಅದು ಇನ್ನಷ್ಟು ಸೋಲುತ್ತದೆ. ಬಂಡಿಯ ಹಿಂಭಾಗ ನಿಜವಾಗಿಯೂ ಕುಸಿದಿದ್ದರೆ ಸಹಾಯಕ ಪಟ್ಟಿಯೋ, ಗಾಳಿ ತುಂಬಿದ ಚೀಲದ ಸ್ಪ್ರಿಂಗೋ ಬೇಕಾದೀತು. ವಾಲುವುದಕ್ಕೆ ಎರಡು ಬದಿಗಳನ್ನು ಬೆಸೆಯುವ ಉಕ್ಕಿನ ಸರಳು ಬೇರೆಯೇ ಇದೆ. ಕುಲುಕಿಗೆ ಅದರಿಂದ ಪ್ರಯೋಜನವಿಲ್ಲ.

ಆದರೆ ಇವೆಲ್ಲಕ್ಕೂ ಮೊದಲು ಬಂಡಿಯನ್ನು ಪೂರ್ಣ ಹೊರೆಯೊಡನೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ, ಹಿಂದಿನ ಅಚ್ಚಿನ ತೂಕವನ್ನು ಬೇರೆಯಾಗಿ ನೋಡುವುದು ಅವಶ್ಯ. ಟಯರಿನ ಪಕ್ಕದಲ್ಲಿಯೇ ಅದು ಹೊರಬಲ್ಲ ಭಾರದ ಮಿತಿ ಅಚ್ಚಾಗಿರುತ್ತದೆ. ಹೊರೆಗೆ ತಕ್ಕ ಗಾಳಿಯಿಲ್ಲದ ಟಯರು ಅತಿಯಾಗಿ ಮಡಿದು ಕಾದು ಒಡೆಯಬಹುದು. ನಮ್ಮ ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೇಳುವುದಷ್ಟೆ. ಹಾಗೆಯೇ ಮನೆಯ ತೂಕದ ಕೇಂದ್ರ ಹಿಂದಿನ ಅಚ್ಚಿಗಿಂತ ಹಿಂದೆ ಸರಿದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗು ತೇಲುತ್ತದೆ. ಯಾವ ಸ್ಪ್ರಿಂಗು, ಯಾವ ಚೀಲ ಸೇರಿಸಿದರೂ ತಯಾರಕರು ಬಂಡಿಗೆ ಗೊತ್ತುಮಾಡಿದ ಒಟ್ಟು ತೂಕದ ಮಿತಿ ಒಂದು ಕಿಲೋಗ್ರಾಮೂ ಏರುವುದಿಲ್ಲ. ನೀರಿನ ಒಂದು ಲೀಟರು ಒಂದು ಕಿಲೋಗ್ರಾಮು. 100 ಲೀಟರಿನ ತೊಟ್ಟಿಯನ್ನು ಹೊರಡುವಾಗ ತುಂಬದೆ, ಬೀಡುಬಿಟ್ಟಲ್ಲಿ ತುಂಬಿಕೊಳ್ಳುವವರು ಅಷ್ಟು ಭಾರವನ್ನು ದಾರಿಯುದ್ದಕ್ಕೂ ಉಳಿಸುತ್ತಾರೆ.