ಯಾವುದರ ಶೇಕಡಾ? – ಮಾಜಿ ಸೈನಿಕರ ಕಾಲೇಜು ಪ್ರವೇಶದ ಮೂಲಕ ಒಂದು ಗಣಿತ ಪಾಠ

ತರಗತಿ: 8
ವಿಷಯ: ಗಣಿತ
ಘಟಕ: ಶೇಕಡಾ
ಅವಧಿ: ತಲಾ 40 ನಿಮಿಷದ ಎರಡು ತರಗತಿಗಳು

ಪಾಠದ ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಕೊಡಗಿನ ಒಂದು ಪ್ರೌಢಶಾಲೆ. ಶೇಕಡಾ ಪಾಠಕ್ಕೆ ಮೊದಲ ವಾರ ನಾನೂ ಎಲ್ಲರಂತೆ ಲಾಭ-ನಷ್ಟ, ರಿಯಾಯಿತಿ ಲೆಕ್ಕಗಳನ್ನೇ ಕೊಟ್ಟೆ. ಮಕ್ಕಳು ಸೂತ್ರ ಹಾಕಿ ಉತ್ತರ ತೆಗೆದರು. ಆದರೆ ಒಂದೇ ಲೆಕ್ಕದಲ್ಲಿ ಎರಡು ಮೊತ್ತಗಳು ಬಂದರೆ ಯಾವುದನ್ನು ಛೇದವಾಗಿ ಇಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ‘ಯಾವುದರ ಶೇಕಡಾ?’ ಎಂದು ಕೇಳುವ ಅಭ್ಯಾಸವೇ ಅವರಲ್ಲಿ ಬೆಳೆದಿರಲಿಲ್ಲ. ಈ ಪಾಠದ ಉದ್ದೇಶ ಆ ಒಂದು ಪ್ರಶ್ನೆಯನ್ನು ಕಲಿಸುವುದು.

ಕಾರ್ಯಪ್ಪ, ತಿಮ್ಮಯ್ಯ ಅವರ ಜಿಲ್ಲೆಯಾದ್ದರಿಂದ ಸೈನ್ಯದ ವಿಷಯ ಮಕ್ಕಳಿಗೆ ಹತ್ತಿರದ್ದು. ಮನೆಯಲ್ಲಿ ಸೈನಿಕರು ಅಥವಾ ಮಾಜಿ ಸೈನಿಕರು ಇರುವವರು ಕೈ ಎತ್ತಿ ಎಂದೆ. 32 ಮಕ್ಕಳಲ್ಲಿ 8 ಮಂದಿ ಎತ್ತಿದರು. ಶೇ. 25. ಪೂರ್ವಜ್ಞಾನ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮೊದಲ ಅವಧಿ

ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗಾಗಿ ಅಮೆರಿಕದಲ್ಲಿ 1944ರ ಜೂನ್ 22ರಂದು ‘ಜಿಐ ಬಿಲ್’ ಎಂಬ ಕಾಯ್ದೆ ಬಂತು. ಓದಲು ಬಯಸುವ ಮಾಜಿ ಸೈನಿಕರಿಗೆ ಸರ್ಕಾರವೇ ವರ್ಷಕ್ಕೆ 500 ಡಾಲರ್‌ವರೆಗೆ ಶುಲ್ಕ ಕಟ್ಟುತ್ತಿತ್ತು, ಜೀವನ ಭತ್ಯೆಯನ್ನೂ ಕೊಡುತ್ತಿತ್ತು. ಆಗ ಆ ಮೊತ್ತ ಹಾರ್ವರ್ಡ್‌ನಂಥ ವಿಶ್ವವಿದ್ಯಾಲಯದ ಶುಲ್ಕಕ್ಕೂ ಸಾಕಾಗುತ್ತಿತ್ತು. ಹಾರ್ವರ್ಡ್‌ನ ಅಧ್ಯಕ್ಷ ಕೊನಾಂಟ್ ಅವರೇ, ಇದರಿಂದ ಓದಿಗೆ ತಕ್ಕವರಲ್ಲದವರೂ ಬಂದು ತುಂಬಿಕೊಂಡಾರು ಎಂದು ಅಳುಕಿದ್ದರು. ಬಂದವರು ಚೆನ್ನಾಗಿ ಓದಿದರು. ಮುಂದೆ ಅವರೂ ಅದನ್ನು ಒಪ್ಪಿಕೊಂಡರು.

ಕಪ್ಪುಹಲಗೆಯ ಮೇಲೆ ಬರೆದ ಅಂಕಿಗಳು ಇವು (ಎಲ್ಲವೂ ಸುಮಾರು):
ಯುದ್ಧದಲ್ಲಿ ಸೇವೆ ಸಲ್ಲಿಸಿದವರು – 160 ಲಕ್ಷ
ಈ ಕಾಯ್ದೆಯಡಿ ಶಿಕ್ಷಣ ಅಥವಾ ತರಬೇತಿ ಪಡೆದವರು – 78 ಲಕ್ಷ
ಅವರಲ್ಲಿ ಕಾಲೇಜು, ವಿಶ್ವವಿದ್ಯಾಲಯ ಸೇರಿದವರು – 22 ಲಕ್ಷ

‘ಕಾಲೇಜಿಗೆ ಹೋದವರು ಶೇಕಡಾ ಎಷ್ಟು?’ ಎಂದಷ್ಟೇ ಕೇಳಿದೆ. ಅರ್ಧ ತರಗತಿ 28 ಎಂದಿತು, ಉಳಿದರ್ಧ 14 ಎಂದಿತು. ಎರಡು ಗುಂಪುಗಳೂ ತಮ್ಮದೇ ಸರಿ ಎಂದು ಜೋರಾಗಿ ವಾದಿಸಿದವು. ನಾನು ಮೂರನೆಯದನ್ನು ಬರೆದೆ: 1947ರಲ್ಲಿ ಅಮೆರಿಕದ ಕಾಲೇಜು ಪ್ರವೇಶಗಳಲ್ಲಿ ಶೇ. 49 ಮಾಜಿ ಸೈನಿಕರದು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಟೀಚರ್, ಯಾವುದರ ಶೇಕಡಾ ಅಂತ ನೀವು ಹೇಳಲೇ ಇಲ್ಲ’ ಎಂದ. ಕಾಲೇಜಿನ ಒಳಗೆ ನಿಂತು ನೋಡಿದರೆ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಎಲ್ಲ ಸೈನಿಕರ ಕಡೆಯಿಂದ ನೋಡಿದರೆ ಏಳರಲ್ಲಿ ಒಬ್ಬನಷ್ಟೇ ಒಳಗೆ.

ಒಟ್ಟು ಅಂಕಿಯೊಳಗೆ ಅಸಮಾನತೆ ಅಡಗಿರಬಹುದು ಎಂಬುದನ್ನೂ ಸೇರಿಸಿದೆ. ಕಾಯ್ದೆಯ ಅಕ್ಷರದಲ್ಲಿ ವರ್ಣಭೇದ ಇರಲಿಲ್ಲ. ಆದರೂ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿಯೇ ಇತ್ತು.

ಎರಡನೇ ಅವಧಿ

2009ರಿಂದ ಜಾರಿಗೆ ಬಂದ ಹೊಸ ಜಿಐ ಬಿಲ್‌ನಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಕೊಡುವ ಶುಲ್ಕಕ್ಕೆ ಒಂದು ಮಿತಿ ಇದೆ. ದೊಡ್ಡ ವಿಶ್ವವಿದ್ಯಾಲಯಗಳ ಶುಲ್ಕ ಆ ಮಿತಿಯನ್ನು ಮೀರುತ್ತದೆ. ‘ಯೆಲ್ಲೋ ರಿಬ್ಬನ್’ ಯೋಜನೆಗೆ ಸೇರಿದ ವಿಶ್ವವಿದ್ಯಾಲಯ ಉಳಿದ ಮೊತ್ತದಲ್ಲಿ ಅರ್ಧದವರೆಗೆ ತಾನು ಭರಿಸಿದರೆ, ಸರ್ಕಾರವೂ ಅಷ್ಟನ್ನೇ ಸೇರಿಸುತ್ತದೆ. ಸುಲಭದ ಅಂಕಿಗಳನ್ನು ಊಹಿಸಿ ಲೆಕ್ಕ ಕೊಟ್ಟೆ: ಶುಲ್ಕ 60,000 ಡಾಲರ್, ಮಿತಿ 28,000. ವಿಶ್ವವಿದ್ಯಾಲಯ ಉಳಿದದ್ದರ ಶೇ. 50 ಕೊಟ್ಟರೆ ವಿದ್ಯಾರ್ಥಿ ಕಟ್ಟಬೇಕಾದದ್ದೆಷ್ಟು?

ಹನ್ನೊಂದು ಮಕ್ಕಳು ಇಡೀ 60,000ದ ಶೇ. 50 ತೆಗೆದರು. ನಾನು ತಪ್ಪೆನ್ನಲಿಲ್ಲ, ಮೂರೂ ಪಾಲುಗಳನ್ನು ಕೂಡಿಸಲು ಹೇಳಿದೆ. 88,000 ಬಂತು. ‘ಶುಲ್ಕಕ್ಕಿಂತ ಜಾಸ್ತಿ ಆಯ್ತಲ್ಲ!’ ಎಂದು ಅವರೇ ತಿದ್ದಿಕೊಂಡರು. ಉಳಿದದ್ದು 32,000, ಅದರ ಅರ್ಧ 16,000, ಸರ್ಕಾರದ್ದು ಇನ್ನೊಂದು 16,000, ವಿದ್ಯಾರ್ಥಿಗೆ ಸೊನ್ನೆ.

ಎನ್‌ಸಿಸಿಯ ಹುಡುಗನೊಬ್ಬ, ಅಲ್ಲಿಯೂ ನಮ್ಮ ಹಾಗೆ ಇದೆಯೇ ಎಂದು ಕೇಳಿದ. ಅಲ್ಲಿನ ಆರ್‌ಒಟಿಸಿಯಲ್ಲಿ ಪದವಿಯ ಜೊತೆಗೇ ತರಬೇತಿ ಪಡೆದು ಅಧಿಕಾರಿಯಾಗಬಹುದು. ವಿದ್ಯಾರ್ಥಿವೇತನ ಪಡೆದವರು ಸೇವೆ ಸಲ್ಲಿಸಲೇಬೇಕು ಎಂದೆ. ವಿಯೆಟ್ನಾಂ ಯುದ್ಧದ ವಿರೋಧದ ದಿನಗಳಲ್ಲಿ ಅದು ಹಾರ್ವರ್ಡ್, ಯೇಲ್, ಕೊಲಂಬಿಯಾಗಳಿಂದ ಹೊರಗೆ ಹೋಯಿತು. ಹಾರ್ವರ್ಡ್‌ನ ತರಬೇತಿದಾರರು ಪಕ್ಕದ ಎಂಐಟಿಗೆ ಹೋಗಬೇಕಾಯಿತು. ಸಲಿಂಗಿಗಳ ಬಹಿರಂಗ ಸೇವೆಯನ್ನು ತಡೆಯುತ್ತಿದ್ದ ಕಾನೂನನ್ನು ರದ್ದುಗೊಳಿಸಲು 2010ರ ಕೊನೆಗೆ ತೀರ್ಮಾನವಾಯಿತು. 2011ರಲ್ಲಿ ಮೂರೂ ವಿಶ್ವವಿದ್ಯಾಲಯಗಳು ಅದನ್ನು ಮತ್ತೆ ಬರಮಾಡಿಕೊಂಡವು.

ಉಳಿದ ಪ್ರಶ್ನೆ

ಗಂಟೆ ಹೊಡೆಯುವ ಮುನ್ನ ಒಬ್ಬ ಹುಡುಗಿ ಕೇಳಿದಳು: ‘ಅಪ್ಪ ಹತ್ತನೇ ಮುಗಿಸಿ ಸೈನ್ಯಕ್ಕೆ ಸೇರಿದ್ದು. ಈಗ ಎಟಿಎಂ ಕಾಯ್ತಾರೆ. ಫೀಸು ಸೊನ್ನೆ ಆದರೆ ಅಪ್ಪನೂ ದೊಡ್ಡ ಕಾಲೇಜಿಗೆ ಹೋಗಬಹುದಾ ಟೀಚರ್?’ ತರಗತಿ ನಕ್ಕಿತು. ನಾನು ‘ಅದು ಅಮೆರಿಕದವರಿಗೆ’ ಎಂದು ಹೇಳಿ ಮನೆಗೆಲಸ ಬರೆಸಿದೆ. ಆಕೆ ಮತ್ತೆ ತಲೆ ಎತ್ತಲಿಲ್ಲ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: ‘ಲೆಕ್ಕ ಸರಿಯಾಗಿದೆ. ಪ್ರಶ್ನೆ ಉಳಿದಿದೆ.’

ಮರುದಿನ ಹತ್ತು ನಿಮಿಷ ಕೇಳಿ ಪಡೆದೆ. ಮೊದಲು, ನಿನ್ನೆಯ ನನ್ನ ಉತ್ತರ ಸರಿಯಿರಲಿಲ್ಲ ಎಂದೆ. ಆಮೇಲೆ, ಶುಲ್ಕ ಸೊನ್ನೆಯಾದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ವಿವರಿಸಿದೆ. ಬೇರೆ ಕಾಲೇಜಿನಲ್ಲಿ ಓದು ಆರಂಭಿಸಿದವರನ್ನು ನಡುವೆ ಸೇರಿಸಿಕೊಳ್ಳುವ ಪದ್ಧತಿಯನ್ನು ಪ್ರಿನ್ಸ್‌ಟನ್ ಹಲವು ವರ್ಷ ನಿಲ್ಲಿಸಿತ್ತು; 2018ರಲ್ಲಿ ಮತ್ತೆ ತೆರೆದಾಗ ಮಾಜಿ ಸೈನಿಕರನ್ನೂ ಗಮನದಲ್ಲಿಟ್ಟುಕೊಂಡಿತ್ತು. ಕೊಲಂಬಿಯಾ 1947ರಲ್ಲೇ, ಮರಳಿದ ಸೈನಿಕರ ನೂಕುನುಗ್ಗಲಿನ ನಡುವೆ, ಓದು ಬಿಟ್ಟು ಬಂದ ವಯಸ್ಕರಿಗಾಗಿ ಪ್ರತ್ಯೇಕ ಕಾಲೇಜು ತೆರೆಯಿತು. ವ್ಯಾಸರ್ ಕಾಲೇಜು 2013ರಿಂದ ಮಾಜಿ ಸೈನಿಕರನ್ನು ಒಬ್ಬೊಬ್ಬರಾಗಿ ಅಲ್ಲ, ಪರಸ್ಪರ ಆಸರೆಯಾಗಲೆಂದು ಸಣ್ಣ ಗುಂಪಾಗಿ ಸೇರಿಸಿಕೊಂಡಿತು. ಹದಿನೆಂಟರ ಹುಡುಗರ ನಡುವೆ ಮೂವತ್ತರ ಸೈನಿಕ ಒಬ್ಬನೇ ಕೂರುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಕೊನೆಗೆ ಆ ಹುಡುಗಿಗೆ, ಕೆಲಸ ಮಾಡುತ್ತಲೇ ಓದಲು ನಮ್ಮಲ್ಲೂ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಅಪ್ಪನಿಗೆ ಯಾವ ಕೋರ್ಸಿಗೆ ಅರ್ಹತೆ ಇದೆ ಎಂದು ವಿಚಾರಿಸಿ ನೋಡೋಣ ಎಂದೆ. ‘ಅಪ್ಪನಿಗೆ ಹೇಳ್ತೀನಿ’ ಎಂದಳು.

ಆತ್ಮಾವಲೋಕನ

ಕಿರುಪರೀಕ್ಷೆಯಲ್ಲಿ 32ರಲ್ಲಿ 26 ಮಕ್ಕಳು ಛೇದವನ್ನು ಸರಿಯಾಗಿ ಆರಿಸಿದರು. ಉಳಿದ ಆರು ಮಂದಿಗೆ ಪರಿಹಾರ ಬೋಧನೆ ಮಾಡಿದೆ. ಪಾಠಯೋಜನೆಯಲ್ಲಿ ಎರಡು ತಿದ್ದುಪಡಿ ಮಾಡಿಕೊಂಡಿದ್ದೇನೆ. ಒಂದು, ಎರಡನೇ ಅವಧಿಯ ಕೊನೆಯ ಹತ್ತು ನಿಮಿಷವನ್ನು ಮಕ್ಕಳ ಪ್ರಶ್ನೆಗಳಿಗೇ ಬಿಡುವುದು. ಇನ್ನೊಂದು, ಮಕ್ಕಳ ಮನೆಯ ಸಂಗತಿಯಿಂದ ಪಾಠ ಆರಂಭಿಸಿದರೆ, ಮನೆಯ ಪ್ರಶ್ನೆಯೂ ಬರುತ್ತದೆಂದು ಸಿದ್ಧವಾಗಿ ಹೋಗುವುದು. ಕೈ ಎತ್ತಿದ ಎಂಟು ಮಕ್ಕಳಲ್ಲಿ ಆಕೆಯೂ ಒಬ್ಬಳಾಗಿದ್ದಳು. ನಾನು ಆಕೆಯನ್ನು ಶೇ. 25ರೊಳಗೆ ಸೇರಿಸಿ ಮುಂದೆ ಹೋಗಿಬಿಟ್ಟಿದ್ದೆ.